ಹತ್ತು ಲಕ್ಷ ಅಕ್ಷರ ದೂರ

ಇಳಕಲ್, 11-10-2009, ಬೆಳಿಗ್ಗೆ

ಐಸ್ ಬಾಕ್ಸಿನಲ್ಲಿ ರಕ್ತದ ಟ್ಯೂಬು ಜೋಡಿಸಿದೆ. ಶ್ರೀಧರಣ್ಣ, ಅವನ ಹೆಂಡತಿ ಸುನಂದಾ ವೈನಿ, ಅವರ ನಾಲ್ಕು ತಿಂಗಳ ಕೂಸು. ನಾಲ್ಕನೆಯದು ನನ್ನದೇ ರಕ್ತ — ಹೋಲಿಸಿ ನೋಡಲು. ಅವ್ವ ರಕ್ತ ಕೊಡಲು ಒಪ್ಪಲಿಲ್ಲ.

ಕೂಸಿನ ಎಡಗೈಗೆ ಎರಡು ಹೆಬ್ಬೆರಳು.

“ಅಕಿ ತವರಿನ ದೋಷ ಇದು. ಬಾದಾಮಿಗೆ ಕಳಿಸಿಬಿಡು,” ಎಂದಳು ಅವ್ವ. ಅಣ್ಣ ಮಗ್ಗದಿಂದ ತಲೆ ಎತ್ತಲಿಲ್ಲ.

ಸಂಜೆ ನಾನು ಧಾರವಾಡದ ಲ್ಯಾಬಿಗೆ. ಕೂಸಿನೊಂದಿಗೆ ವೈನಿ ತವರಿಗೆ.

ಧಾರವಾಡ, 30-10

ಕೂಸಿನ ಬೆರಳು ಮೂಡಿಸುವ ಜೀನ್ ಸರಿಯಿದೆ. ಮೂರು ಸಲ ಓದಿದೆ. ತಪ್ಪೇ ಇಲ್ಲ… ನನ್ನ ಪಿಎಚ್‌ಡಿ ಗೈಡ್ ಹೇಳಿದರು: “ಜೀನ್ ಬಿಡ್ರಿ. ಅದರ ಸ್ವಿಚ್ ನೋಡ್ರಿ. ಡಿಎನ್‌ಎದಾಗ ಹತ್ತು ಲಕ್ಷ ಅಕ್ಷರ ದೂರ ಐತಿ.”

14-11, ಸಂಜೆ 4

ಸಿಕ್ಕಿತು. ಕೂಸಿನ ಸ್ವಿಚ್ಚಿನಲ್ಲಿ ಒಂದಕ್ಷರ ಬದಲಾಗಿದೆ. ಅಲ್ಲಿ ಬಂದು ಕೂರುವ ಪ್ರೋಟೀನುಗಳಿವೆ. ಅವು ಕೂತಾಗ ಡಿಎನ್‌ಎ ಮಡಚಿಕೊಂಡು, ದೂರದ ಸ್ವಿಚ್ ಜೀನ್ ಪಕ್ಕಕ್ಕೇ ಬರುತ್ತದೆ. ಆಗ ಜೀನ್ ಕೆಲಸ ಶುರು. ಅಕ್ಷರ ಬದಲಾದರೆ, ಬೇಡದ ಕಡೆಯೂ ಶುರು — ಒಂದು ಬೆರಳು ಹೆಚ್ಚು.

ವೈನಿಯಲ್ಲಿ ಅದು ಇಲ್ಲ. ಅಣ್ಣನಲ್ಲಿದೆ.

ನನ್ನಲ್ಲೂ. ಮತ್ತೆ ಮಾಡಿ ನೋಡಿದೆ. ಅದೇ.

ಇಳಕಲ್, 21-11

ನಾಳೆ ನನ್ನ ನಿಶ್ಚಯಕ್ಕೆ ಹುನಗುಂದದ ಗಂಡಿನವರು ಬರುತ್ತಾರೆ. ಅವ್ವನಿಗೆ ರಿಸಲ್ಟ್ ಹೇಳಿದೆ. ಬಾಗಿಲು ಹಾಕಿದಳು.

“ನಿಮ್ಮಪ್ಪಗೂ ಇತ್ತು. ನೀವಿಬ್ಬರೂ ಹಂಗ ಹುಟ್ಟಿದ್ರಿ. ಸೂಲಗಿತ್ತಿ ಸೋಮವ್ವ ಹೆಚ್ಚಿನ ಬೆರಳಿಗೆ ರೇಷ್ಮಿ ಎಳಿ ಬಿಗಿದು ಉದುರಿಸಿದ್ಲು.”

“ಗೊತ್ತಿದ್ದೂ ದೋಷ ವೈನಿದು ಅಂದಿ?”

“ನಿನ್ನ ಲಗ್ನ ಆಗೂತನಕ ಬಾಯಿ ಬಿಡಬ್ಯಾಡ ಸುಮಾ. ಕೈ ಮುಗೀತೇನಿ.”

ನನ್ನ ಹೆಬ್ಬೆರಳ ಬುಡದಲ್ಲಿ ಸಾಸಿವೆಯಷ್ಟು ಗಂಟು. ಇಷ್ಟು ದಿನ ನರಹುಲಿ ಅಂದುಕೊಂಡಿದ್ದೆ.

ಬಾದಾಮಿ, 22-11, ಬೆಳಿಗ್ಗೆ

ಮೊದಲ ಬಸ್ಸಿಗೆ ಬಂದುಬಿಟ್ಟೆ. ಅಂಗಳದಲ್ಲೇ ಹೇಳಿದೆ: “ವೈನಿ, ಇದು ನಮ್ಮ ಮನಿಯಿಂದ ಬಂದದ್ದು. ನನ್ನ ರಕ್ತದಾಗೂ ಐತಿ.”

“ಆರು ವಾರ ಆತು, ಸುಮಾ. ಯಾರರ ಬಂದ್ರ ಕೂಸಿನ ಕೈ ಸೆರಗಿನಾಗ ಮುಚ್ಚತೇನಿ.”

ಅಣ್ಣನಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ. “ಬರ್ತೇನಿ” ಎಂದ, ಅಷ್ಟೇ. ಆಮೇಲೆ ನನ್ನ ಕೈಹಿಡಿಯಬೇಕಾದ ಸುನೀಲಕುಮಾರನಿಗೆ. ಪೂರ್ತಿ ಕೇಳಿದ.

“ಅಂದ್ರ… ನಮ್ಮ ಮಕ್ಕಳಿಗೂ?”

“ಬರಬಹುದು.”

“ಮನ್ಯಾಗ ಕೇಳಿ ಹೇಳ್ತೇನಿ.”

ಹನ್ನೊಂದಾಗುತ್ತ ಬಂತು. ಫೋನ್ ಬಂದಿಲ್ಲ. ವೈನಿ ಕೂಸನ್ನು ನನ್ನ ತೊಡೆಗೆ ಹಾಕಿ ಚಹಾಕ್ಕೆ ಇಟ್ಟಿದ್ದಾಳೆ. ಕೈ ಮುಚ್ಚಿಲ್ಲ. ಕೂಸು ಎರಡೂ ಹೆಬ್ಬೆರಳು ಸೇರಿಸಿ ನನ್ನ ಪೆನ್ನು ಹಿಡಿದುಬಿಟ್ಟಿದೆ, ಬರೆಯಲು ಬಿಡುತ್ತಿ—