ರಾಯಪ್ಪನ ಸ್ಯಾಂಪಲ್

೧೧ ನವೆಂಬರ್ ೧೯೮೦

ಲೋಕಲ್ ರೈಲು ತಪ್ಪಿತು. ಠಾಣೆ ಪಟ್ಟಣದ ಲ್ಯಾಬ್ ಮುಟ್ಟುವಷ್ಟರಲ್ಲಿ ಸರ್ ಆಗಲೇ ಲೇಸರ್ ಹಚ್ಚಿ ಕೂತಿದ್ದರು. ಬೈಯಲಿಲ್ಲ, ಗಡಿಯಾರ ನೋಡಿದರು. ಬೈದಿದ್ದರೇ ವಾಸಿ.

ದಿನವಿಡೀ ವೀರ್ಯದ ಸ್ಯಾಂಪಲ್‌ಗಳು. ಕೆಂಪು ಬೆಳಕು ಹಾಯಿಸಿದರೆ ಸಾಕು. ಕಣಗಳು ಈಜುತ್ತಿದ್ದರೆ ಚದುರಿದ ಬೆಳಕು ಮಿಣಮಿಣ ಅಲುಗುತ್ತದೆ, ಚಾರ್ಟಿನ ಗೆರೆ ಸರ್ರನೆ ಇಳಿಯುತ್ತದೆ. ಸತ್ತಿದ್ದರೆ ಗೆರೆ ಎಳೆದೆಳೆದು ಇಳಿಯುತ್ತದೆ. ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಎಣಿಸುವ ಕಾಲ ಮುಗಿಯಿತು!

ಸಂಜೆ ಠಾಕುರ್ಲಿಯಲ್ಲಿ, ಒಂದೊಂದೇ ಕೋಣೆಯ ಮನೆಗಳ ನಮ್ಮ ಚಾಳಿನಲ್ಲಿ, ಪಕ್ಕದ ಖೋಲಿಯ ರಾಯಪ್ಪ ಹಿಡಿದ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ.

"ಎಲ್ಲಾರೂ ನನ್ನ ಹೇಣ್ತಿ ನೀಲಗಂಗಾಗ ಬಂಜಿ ಅಂತಾರ. ನಂದೂ ಒಮ್ಮೆ ನೋಡಿಬಿಡ್ರಲ್ಲ ಅಣ್ಣಾ, ನಿಮ್ಮ ಮಷೀನ್‌ನ್ಯಾಗ."

ಎಷ್ಟು ಗಂಡಸರು ಹೀಗೆ ತಾವಾಗಿ ಕೇಳುತ್ತಾರೆ? ಒಪ್ಪಿದೆ.

೧೪ ನವೆಂಬರ್

ಸರ್ ರಜೆ. ಕದ್ದು ಮಾಡುವ ಕೆಲಸಕ್ಕೆ ಒಳ್ಳೆಯ ದಿನ.

ಲ್ಯಾಬಿನ ಸಂಡಾಸಿನಲ್ಲಿ ಕೂತು ಸ್ಯಾಂಪಲ್ ಕೊಡಲು ರಾಯಪ್ಪನಿಗೆ ನಾಚಿಕೆ. ವಿವರಿಸಲು ನನಗೆ ಅವನಿಗಿಂತ ನಾಚಿಕೆ. "ಮನೀಂದ ನಿರೋಧ್‌ನ್ಯಾಗ ತಗೊಂಡು ಬಾ ಮಾರಾಯ" ಅಂದಿದ್ದೆ. ಕುಟುಂಬ ಯೋಜನೆಯವರು ಪುಕ್ಕಟೆ ಕೊಡುತ್ತಾರಲ್ಲ. ಬಾಯಿ ಗಂಟು ಹಾಕಿ, ಅಂಗಿಯೊಳಗೆ ಎದೆಗೆ ಒತ್ತಿಕೊಂಡು, ಲೋಕಲ್ ರೈಲಿನ ಆ ಗರ್ದಿಯಲ್ಲಿ ತಂದ. ಪಾಪ, ಇನ್ನೂ ಬೆಚ್ಚಗಿತ್ತು.

ಗೆರೆ ಎಳೆದೆಳೆದು ಇಳಿಯಿತು. ಎಲ್ಲ ಸತ್ತಿವೆ. ಹೇಳಿದೆ.

"ತಪ್ಪಿರಬೌದಲ್ಲ ಅಣ್ಣಾ?"

"ಮಷೀನಿಗೆ ಯಾರ ಮುಲಾಜೂ ಇಲ್ಲ" ಅಂದೆ. ಎದ್ದು ಸ್ಟೇಷನ್ ಕಡೆ ನಡೆದ.

೨೦ ಜನವರಿ ೧೯೮೧

ನೀಲಗಂಗಾ ಬಸುರಿ. ಸುದ್ದಿ ತಂದ ನನ್ನ ಹೆಂಡತಿ ಜಯಲತಾಗೆ ಖುಷಿಯೋ ಖುಷಿ. ನಾನು ಊಟ ಅರ್ಧಕ್ಕೇ ಬಿಟ್ಟು ಎದ್ದೆ.

ರಾಯಪ್ಪ ಬಾಗಿಲಿಗೇ ಬಂದ. "ಸತ್ತದ್ದು ಹುಟ್ಟತೈತೇನ್ರೀ?" ನಿಜ ಬರೆಯುತ್ತೇನೆ, ನಾನೂ ಅವಳನ್ನೇ ಅನುಮಾನಿಸಿದೆ. ಥೂ.

ಸಂಜೆ ಚಾಳಿಗೆಲ್ಲ ಕೇಳುವಂತೆ ಜಗಳ. ಅವಳನ್ನು ವಿಜಾಪುರಕ್ಕೆ, ತವರಿಗೆ ಹೊರಡಿಸಿದ. "ಅದನ್ನ ತೆಗಿಸಿಕೊಂಡ್ರ ಬಾ. ಇಲ್ಲಾಂದ್ರ ಅಲ್ಲೇ ಇರು!"

ಅವಳು ನನ್ನತ್ತ ತಿರುಗಿದಳು. "ರಘುಪತಿಯಣ್ಣ, ನೀವರ ಹೇಳ್ರಿ ಅವರಿಗೆ."

ಒಳಗೆ ಬಂದು ಬಾಗಿಲು ಹಾಕಿಕೊಂಡೆ.

೩ ಫೆಬ್ರವರಿ

ಇವತ್ತೊಬ್ಬ ಹೊಸಬ ನಿರೋಧ್ ಹಿಡಿದುಕೊಂಡು ಬಂದ. ಸರ್ ಕೂಗಾಡಿಬಿಟ್ಟರು— "ಅರೇ, ನಿರೋಧ್ ಮೇ ನಹೀ! ಉಸಕಾ ರಬ್ಬರ್, ಪೌಡರ್, ಸಬ್ ಕೋ ಮಾರ್ ಡಾಲತಾ ಹೈ!"

ರಾಯಪ್ಪನವು ಸತ್ತಿರಲಿಲ್ಲ. ನಿರೋಧ್‌ನ ರಬ್ಬರು, ಪೌಡರಿನಿಂದ ನಾನೇ ಕೊಲ್ಲಿಸಿ ತರಿಸಿದ್ದೆ. ಮಷೀನು ಸರಿಯಾಗಿಯೇ ಹೇಳಿತ್ತು, ನಾನೇ ಕತ್ತೆ.

ರಾಯಪ್ಪನಿಗೆ ಹೇಳಬೇಕು. ಇವತ್ತೇ. ಆದರೆ ಮತ್ತೆ ಟೆಸ್ಟ್ ಅಂದರೆ ಸರ್‌ಗೆ ಗೊತ್ತಾಗುತ್ತದೆ. ಕದ್ದು ಮಷೀನು ಮುಟ್ಟಿದವನನ್ನು ಇಟ್ಟುಕೊಳ್ಳುತ್ತಾರೆಯೇ? ನಾನಿನ್ನೂ ಟೆಂಪರರಿ. ನಾಳೆ ಹೇಳಿದರಾಯಿತು.

೧೬ ಫೆಬ್ರವರಿ

ಹೇಳಿದೆ. ರಾಯಪ್ಪ ಕಾಲರ್ ಹಿಡಿದ. ಹೊಡೆಯಲಿ ಅಂತ ನಿಂತೆ. ಹೊಡೆಯಲಿಲ್ಲ, ಅತ್ತುಬಿಟ್ಟ. "ಇನ್ನೊಮ್ಮೆ ನೋಡು. ಖಾತ್ರಿ ಆಗಬೇಕು ನನಗ."

ಸರ್ ಮುಂದೆಯೂ ಒಪ್ಪಿಕೊಂಡೆ. ಅವರು ಕನ್ನಡಕ ಒರೆಸಿಕೊಂಡು, "ಗಾಜಿನ ಬಾಟಲಿ ಕೊಡು, ಇಲ್ಲೇ ಕರೆದುಕೊಂಡು ಬಾ" ಅಂದರು. ಅಷ್ಟೇ! ಇಷ್ಟಕ್ಕೆ ಹೆದರಿ ಇಷ್ಟು ದಿನ ಕೂತಿದ್ದೆನೇ?

೧೮ ಫೆಬ್ರವರಿ

ಗೆರೆ ಸರ್ರನೆ ಇಳಿಯಿತು.

ರಾಯಪ್ಪ ವರಾಂಡದಲ್ಲೇ ಅತ್ತ, ನಕ್ಕ, ನನ್ನ ಕಾಲಿಗೆ ಬಿದ್ದ. ನನ್ನ ಕಾಲಿಗೆ! "ಇವತ್ತಿನ ಗಾಡಿಗೇ ಹೋಗಿ ಕರಕೊಂಡು ಬರ್ತೀನಿ. ಕಾಲ ಹಿಡೀತೀನಿ ಅಕೀದು." ಲೋಕಲ್‌ನಲ್ಲಿ ದಾರಿಯುದ್ದಕ್ಕೂ ಹೆಸರು ಹುಡುಕಿದ. ಹೆಣ್ಣಾದರೆ ಅವ್ವನ ಹೆಸರು, ಈರವ್ವ.

ಚಾಳಿಗೆ ಬಂದರೆ, ಬೀಗ ಹಾಕಿದ ಬಾಗಿಲ ಮುಂದೆ ನೀಲಗಂಗಾ. ಟ್ರಂಕಿನ ಮೇಲೆ ಕೂತಿದ್ದಳು. ಒಬ್ಬಳೇ. ಮುಖ ಬಿಳುಚಿಕೊಂಡಿತ್ತು. ಗಂಡನನ್ನು ಕಂಡು ಗೋಡೆ ಹಿಡಿದು ಎದ್ದಳು.

"ನೀವು ಹೇಳಿದಂಗ ಮಾಡೀನ್ರಿ. ತೆಗಿಸಿಕೊಂಡು ಬಂದೀನಿ. ಇನ್ನರ ಒಳಗ ಕರಕೊಳ್ರಿ."

ರಾಯಪ್ಪ ನಿಂತಲ್ಲೇ ಕುಸಿದು ಕೂತ. ಅವಳಿಗೆ ಅರ್ಥವಾಗಲಿಲ್ಲ. ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಯಾಕ್ರಿ ಅಣ್ಣಾ? ಮತ್ತ ಟೆಸ್ಟಿಗೆ ಹೋಗ್ಯಾರ ಅಂತ ಜಯಲತಾ ವೈನಿ ಅಂದ್ರು. ಏನ ಬಂತು?"

ನಾನು ಅಂದೆ, "ಮೊದಲಿನ ಟೆಸ್ಟ್ ನಾನೇ ಕೆಡಿಸಿದ್ದೆ ತಂಗಿ. ಕೂಸು ರಾಯಪ್ಪಂದೇ ಇತ್ತು."