ಹಲಗೆಯ ತುದಿಗೆ ಬರೆದ ತಾರೀಖು

ನಗರಸಭೆಯ ತ್ಯಾಜ್ಯ ವಿಭಾಗದ ಮಾನ್ಯ ಮುಖ್ಯಸ್ಥರೇ,

ಬರುವ ಮಂಗಳವಾರ ಬೆಳಿಗ್ಗೆ ಏಳಕ್ಕೆ ನಿಮ್ಮ ಲಾರಿ ಗ್ವೆಂಡಾ ಅವರ ಅಂಗಳಕ್ಕೆ ಬಂದು, ಅಲ್ಲಿ ಒಣಗುತ್ತಿರುವ ಹಲಗೆಗಳನ್ನೆಲ್ಲ ಯಂತ್ರಕ್ಕೆ ಹಾಕಿ ಪುಡಿ ಮಾಡಲಿದೆ. ಕಡಿದ ಮರ ಒಂದೇ ಕಡೆ ಮೂವತ್ತು ದಿನಕ್ಕಿಂತ ಹೆಚ್ಚು ಬಿದ್ದಿದ್ದರೆ ನಿಮ್ಮ ನಿಯಮದ ಪ್ರಕಾರ ಅದು ಕಸ. ಇದನ್ನು ನಿಲ್ಲಿಸಿ ಎಂದು ನಿಮಗೆ ಆರು ಇಮೇಲ್ ಕಳಿಸಿದೆ. ಆರಕ್ಕೂ ಒಂದೇ ಉತ್ತರ: ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’ ಅಮೂಲ್ಯವಾದ್ದರಿಂದ ತಿಜೋರಿಯಲ್ಲಿಟ್ಟು ಬೀಗ ಹಾಕಿದ್ದೀರಿ ಎಂದು ಕಾಣುತ್ತದೆ. ಆದ್ದರಿಂದ ಏಳನೆಯದನ್ನು ನಮ್ಮೂರಿನ ಮರಪ್ರಿಯರ ಆನ್‌ಲೈನ್ ಗುಂಪಿನಲ್ಲಿ ಎಲ್ಲರೆದುರು ಹಾಕುತ್ತಿದ್ದೇನೆ. ನಿಮ್ಮ ಕಚೇರಿಯವರು ಈ ಗುಂಪನ್ನು ತಪ್ಪದೆ ನೋಡುತ್ತಾರೆ ಎಂಬುದು ನನಗೆ ಖಾತ್ರಿಯಿದೆ. ಅದು ಹೇಗೆ ಗೊತ್ತಾಯಿತೆಂದು ಮುಂದೆ ಹೇಳುತ್ತೇನೆ.

ನಾನು ಬೆಳಿಗ್ಗೆ ಪೈ ಎಂಬ ಹೂರಣದ ತಿನಿಸು ಬೇಯಿಸುವ ಅಂಗಡಿಯಲ್ಲಿ ಒಲೆ ಮುಂದೆ ನಿಲ್ಲುವವನು, ಉಳಿದ ಹೊತ್ತೆಲ್ಲ ಗ್ವೆಂಡಾ ಅವರ ಅಭಿಮಾನಿ. ಬೇರೆಯವರು ಫುಟ್‌ಬಾಲ್ ಆಟಗಾರರ ಚಿತ್ರ ಕೂಡಿಡುತ್ತಾರೆ. ನನ್ನ ಫೋನಿನಲ್ಲಿ ಐವತ್ತೆಂಟು ವರ್ಷದ ಹೆಂಗಸೊಬ್ಬರು ಹಗ್ಗ ಕಟ್ಟಿಕೊಂಡು ಮರದ ನೆತ್ತಿಯಲ್ಲಿ ನೇತಾಡುವ ಚಿತ್ರಗಳಿವೆ. ಅವರು ಒಣಕೊಂಬೆ ತೆಗೆದು ಮರ ಉಳಿಸುತ್ತಾರೆ. ಉಳಿಯುವುದೇ ಇಲ್ಲ ಎಂದಾದರೆ ಮಾತ್ರ ಕಡಿಯುತ್ತಾರೆ. ಕಡಿದದ್ದನ್ನು ಅವರ ಚಿಕ್ಕಪ್ಪನ ಮಗ ಲೆಸ್ ಹಲಗೆಯಾಗಿ ಸೀಳುತ್ತಾರೆ. ನಮ್ಮ ಕಡೆ ಹೆಚ್ಚಿಗೆ ಬೀಳುವುದು ಕರ್ಪೂರದ ಮರ. ನಿಮ್ಮ ಪಟ್ಟಿಯಲ್ಲಿ ಅದು ಕಳೆ. ಇರಲಿ. ಆದರೆ ಆ ಕಳೆಯನ್ನು ಸೀಳಿದ ದಿನ ಬೀದಿಗೆ ಬೀದಿಯೇ ಘಮ್ಮೆನ್ನುತ್ತದೆ. ಆ ವಾಸನೆ ನಿಮ್ಮ ಕಚೇರಿಯ ಕಿಟಕಿಯವರೆಗೆ ಒಮ್ಮೆಯೂ ಬಂದಿಲ್ಲವೇ?

ಸೀಳಿದ ಹಲಗೆ ಒಂದಂಗುಲ ದಪ್ಪಕ್ಕೆ ಒಂದು ವರ್ಷ ಒಣಗಬೇಕು. ತುದಿ ಬಿರಿಯದಿರಲೆಂದು ಗ್ವೆಂಡಾ ಅಲ್ಲಿಗೆ ಹಳೇ ಬಣ್ಣ ಬಳಿಯುತ್ತಾರೆ. ಅದರ ಮೇಲೆ ಕಪ್ಪಕ್ಷರದಲ್ಲಿ ಮರ ನಿಂತಿದ್ದ ಬೀದಿಯ ಹೆಸರು, ಕಡಿದ ತಾರೀಖು. ಯಾಕೆ ಇಷ್ಟು ದೊಡ್ಡದಾಗಿ ಬರೆಯುತ್ತೀರಿ ಎಂದು ಕೇಳಿದ್ದೆ. “ತಾರೀಖು ಇಲ್ದಿದ್ರೆ ಒಣಗಿದ್ಯೋ ಇಲ್ವೋ ಹೆಂಗೆ ಗೊತ್ತಾಗತ್ತೋ, ಕೀರನ್? ನೆಕ್ಕಿ ನೋಡ್ಲಾ?” ಎಂದಿದ್ದರು.

ನಿಮ್ಮ ಇನ್‌ಸ್ಪೆಕ್ಟರ್ ಬಂದ ದಿನ ನಾನೂ ಅಲ್ಲಿದ್ದೆ. ಒಳ್ಳೆಯ ಹುಡುಗ, ಬೂಟಿಗೆ ಕೆಸರಾಗದ ಹಾಗೆ ಕಾಲಿಡುತ್ತಿದ್ದ.

“ಮೇಡಂ, ಇವು ಯಾವಾಗಿಂದ ಇಲ್ಲಿವೆ?”

“ಓದಪ್ಪ. ಕನ್ನಡಕ ಇಲ್ದಿರೋರಿಗೂ ಕಾಣ್ಲಿ ಅಂತಾನೇ ಬರ್ದಿದೀನಿ.”

“ಹತ್ತೊಂಬತ್ತು ತಿಂಗಳಾಯ್ತಲ್ಲ ಮೇಡಂ.”

“ಹೌದು, ಎರಡಂಗುಲ ದಪ್ಪಕ್ಕೆ ಅಷ್ಟು ಸಾಲ್ದು, ಅದಕ್ಕೇ ಇನ್ನೂ ಹಸಿ.”

“ಮೂವತ್ತು ದಿನ ಮೀರಿದ್ರೆ ಕಸ ಅಂತ ಬರ್ಕೋಬೇಕು ನಾನು.”

ಲೆಸ್ ಗರಗಸ ಒರೆಸುತ್ತಲೇ ಹೇಳಿದರು: “ನಾನು ಅರವತ್ಮೂರು ವರ್ಷದಿಂದ ಇಲ್ಲೇ ಬಿದ್ದಿದೀನಿ, ನನ್ನೂ ಬರ್ಕೋ ಮಾರಾಯ.”

ಹುಡುಗ ನಗಲಿಲ್ಲ. ಫೋನ್ ತೆಗೆದು ತಾನು ತಂದಿದ್ದ ಚಿತ್ರಗಳಿಗೂ ಎದುರಿಗಿದ್ದ ಹಲಗೆಗಳಿಗೂ ತಾಳೆ ನೋಡಿದ. ಮಾನ್ಯರೇ, ಆ ಚಿತ್ರಗಳು ನನ್ನವು. ತಾರೀಖು ಚೆನ್ನಾಗಿ ಕಾಣಲೆಂದು ಹತ್ತಿರ ಹೋಗಿ, ಬೆಳಕು ನೋಡಿ ತೆಗೆದು, ‘ನೋಡ್ರಪ್ಪಾ ಅಚ್ಚುಕಟ್ಟು ಅಂದ್ರೆ ಇದು’ ಎಂದು ಬರೆದು ಇದೇ ಗುಂಪಿಗೆ ಹಾಕಿದ್ದೆ. ಇನ್ನೂರು ಜನ ಹೃದಯದ ಗುರುತು ಒತ್ತಿದ್ದರು. ಇನ್ನೂರ ಒಂದನೆಯವರು ನೀವೆಂದು ಆಮೇಲೆ ಗ್ವೆಂಡಾ ಅವರಿಗೆ ಬಂದ ನೋಟಿಸಿನ ಜೊತೆಗಿದ್ದ ಮೂರನೇ ಚಿತ್ರ ನೋಡಿದ ಮೇಲೆ ತಿಳಿಯಿತು.

ನಿಮ್ಮದೇ ಡಿಪೋದ ಹಿಂದೆ ಮರದ ಪುಡಿಯ ಗುಡ್ಡವೊಂದಿದೆ. ಮೂರು ವರ್ಷದಿಂದ ಅಲ್ಲೇ ಇದೆ. ಬೀಜ ಸಮೇತ ಪುಡಿ ಮಾಡಿದ್ದರಿಂದ ಅದರ ಮೇಲೆ ಕರ್ಪೂರದ ಸಸಿಗಳು ಮೊಣಕಾಲೆತ್ತರ ಬೆಳೆದಿವೆ. ಅದು ಯಾಕೆ ಕಸವಲ್ಲ ಎಂದು ನಿಮ್ಮ ಕೌಂಟರಿನಲ್ಲಿ ಕೇಳಿದೆ. ಅದು ‘ಸಂಸ್ಕರಿಸಿದ ಉತ್ಪನ್ನ’ವಂತೆ. ಅಂದರೆ ಮರ ಹಾಳಾದರೆ ಉತ್ಪನ್ನ, ಉಳಿದರೆ ಕಸ. ಇಷ್ಟು ಸರಳವಾದದ್ದನ್ನು ಅರ್ಥಮಾಡಿಕೊಳ್ಳಲು ನನಗೆ ಆರು ಇಮೇಲ್ ಬೇಕಾಯಿತು, ಕ್ಷಮಿಸಿ.

ಆ ಹಲಗೆಗಳಲ್ಲಿ ಒಂಬತ್ತು, ಸಮುದಾಯ ಭವನದ ಮುಂದಿದ್ದ ಮರದವು. ಪ್ರವಾಹದ ನೀರಿನಲ್ಲಿ ವಾರಗಟ್ಟಲೆ ನಿಂತು ಬೇರು ಕೊಳೆತ ಮರ. ಅದೇ ನೀರು ಭವನದ ಮೇಜುಗಳನ್ನೂ ತಿಂದುಹಾಕಿತು. ಅವತ್ತಿನಿಂದ ಪ್ರತಿ ಬುಧವಾರ ಅಲ್ಲಿ ಊರವರು ಸೇರಿ ಉಣ್ಣುವ ಊಟ ನಡೆಯುತ್ತಿರುವುದು ಅದೇ ನೀರಿಗೆ ಬಿದ್ದ ಮನೆಗಳ ಬಾಗಿಲುಗಳ ಮೇಲೆ. ಹಿಡಿ ಕಿತ್ತ ತೂತಿನೊಳಗೆ ಬಟಾಣಿ ಉರುಳಿ ಬೀಳುತ್ತದೆ. ತಟ್ಟೆ ಎಲ್ಲಿಡುವುದೆಂದು ನೋಡುವಾಗ ಒಬ್ಬೊಬ್ಬರು ತಮ್ಮ ಮನೆಯ ಬಾಗಿಲನ್ನು ಗುರುತಿಸಿ ಬೇರೆ ಕಡೆ ಹೋಗಿ ಕೂರುತ್ತಾರೆ. ಗ್ವೆಂಡಾ ಆ ಒಂಬತ್ತರಿಂದ ಒಂದೇ ಉದ್ದನೆಯ ಮೇಜು ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಎರಡಂಗುಲದ ಹಲಗೆ. ಇನ್ನು ಐದೇ ತಿಂಗಳು ಬೇಕಿತ್ತು.

ನೋಟಿಸ್ ಬಂದ ಸಂಜೆ ನಾನು ಮರಳುಕಾಗದ ಹಿಡಿದುಕೊಂಡು ಓಡಿದೆ. “ತಾರೀಖು ಉಜ್ಜಿ ಹಾಕೋಣ. ಹೋದ ವಾರದ್ದು ಅಂತ ಬರ್ಯೋಣ. ಯಾರಿಗೆ ಗೊತ್ತಾಗತ್ತೆ?”

ಗ್ವೆಂಡಾ ಚಹಾ ಕುಡಿಯುತ್ತಿದ್ದರು. “ಆಮೇಲೆ ಯಾವ್ದು ಒಣಗಿದೆ ಅಂತ ನಂಗೇ ಗೊತ್ತಾಗಲ್ಲ ಕಣೋ, ಅದೇ ಕಷ್ಟ. ಹಸಿ ಹಲಗೇಲಿ ಮೇಜು ಮಾಡಿದ್ರೆ ಎರಡೇ ಚಳಿಗಾಲಕ್ಕೆ ತಿರುಚ್ಕೊಳತ್ತೆ. ಆಮೇಲೆ ಬುಧವಾರ ಅವರ ಮುಂದೆ ಹೋಗಿ ಏನಂತ ಕೂತ್ಕೊಳ್ಲಿ?”

“ನನ್ನಿಂದ್ಲೇ ಆಗಿದ್ದು ಇದೆಲ್ಲ.”

“ನೀನು ಫೋಟೋ ತೆಗ್ದೆ. ಬರ್ದೋಳು ನಾನು. ಕೂತ್ಕೋ, ಬಿಸ್ಕತ್ ತಿನ್ನು.”

ಈಗ ನನ್ನ ಬೇಡಿಕೆ. ನಿಯಮದಲ್ಲಿ ‘ದಿನ’ ಎಂದಿರುವಲ್ಲಿ ‘ತಿಂಗಳು’ ಎಂದು ಮಾಡಿ. ಮಾಡುವುದಿಲ್ಲ, ಗೊತ್ತು. ಹಾಗಾದರೆ ಆ ಒಂಬತ್ತನ್ನಾದರೂ ಐದು ತಿಂಗಳು ಬಿಡಿ. ಅದೂ ಆಗುವುದಿಲ್ಲ, ಒಂಬತ್ತಕ್ಕೆಂದು ನಿಮ್ಮಲ್ಲಿ ಅರ್ಜಿ ನಮೂನೆ ಇರಲಾರದು. ಕಡೆಗೆ ಇಷ್ಟು ಮಾಡಿ: ಮಂಗಳವಾರ ಲಾರಿಯ ಜೊತೆ ನೀವೇ ಬನ್ನಿ. ಒಂದೊಂದು ಹಲಗೆ ಯಂತ್ರದೊಳಗೆ ಹೋಗುವ ಮುಂಚೆ ಅದರ ತುದಿಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ. ಬೀದಿ, ತಾರೀಖು, ಅಷ್ಟೇ. ಕೇಳಿಸಿಕೊಳ್ಳಲು ನಾವು ಬೇಲಿಯಾಚೆ ನಿಂತಿರುತ್ತೇವೆ.

ನಿನ್ನೆ ಸಿಡಿಲು ಬಡಿದ ಮರವೊಂದು ಗ್ವೆಂಡಾ ಅವರ ಅಂಗಳಕ್ಕೆ ಬಂತು. ಲೆಸ್ ಸೀಳಿದರು. ಗ್ವೆಂಡಾ ತುದಿಗೆ ಬಣ್ಣ ಬಳಿದು, ಆರಲು ಬಿಟ್ಟು, ಕಪ್ಪಕ್ಷರದಲ್ಲಿ ನಿನ್ನೆಯ ತಾರೀಖನ್ನೇ ಬರೆದರು, ಎಂದಿನಷ್ಟೇ ದೊಡ್ಡದಾಗಿ. ನಾನು ಫೋನ್ ಜೇಬಿನಿಂದ ತೆಗೆಯಲಿಲ್ಲ.

ಇಂತಿ,
ನಿಮ್ಮ ನೋಟಿಸಿನ ಮೂರನೇ ಚಿತ್ರದ ಛಾಯಾಗ್ರಾಹಕ