ಅಕ್ಕನ ಕೊಟ್ಟಿಗೆಯಲ್ಲಿ ಹಿಮಚಿರತೆ

ಅಕ್ಟೋಬರ್ 9
ಮತ್ತೆ ಮೇಲಿನ ಕಣಿವೆ. ರಾಜಧಾನಿ ಬಿಷ್ಕೆಕ್‌ನಿಂದ ಬಂದ ಗಂಡಹೆಂಡಿರಿಗೆ ಹಿಮಚಿರತೆಯನ್ನೇ ನೋಡಬೇಕು. ಕಾಡುಮೇಕೆಗಳ ಹಿಂಡು ತೋರಿಸಿದೆ. "ಮೇಕೆ ನಮ್ಮೂರಲ್ಲೂ ಇವೆಯಲ್ಲಾ" ಎಂದಳು ಆಕೆ. ಮಂಡಿನೋವು. ಕುದುರೆಗೂ ನನ್ನಷ್ಟೇ ಬೇಸರ.

ಅಕ್ಟೋಬರ್ 11
ಹೋದರು. ಚಿರತೆ ಕಾಣಲಿಲ್ಲ. "ನಿಜವಾಗ್ಲೂ ಇದೆಯಾ ಅದು?" ಎಂದ ಆತ, ಜೀಪ್ ಹತ್ತುತ್ತ. ಈ ರಕ್ಷಿತ ಕಣಿವೆ ಕಾಯುತ್ತಲೇ ತಲೆ ನರೆಯಿತು. ನಾನೇ ಕಂಡದ್ದು ಎರಡು ಸಲ — ಅದೂ ದೂರದಿಂದ.

ಅಕ್ಟೋಬರ್ 12, ಬೆಳಿಗ್ಗೆ
ಭಾವ ಓರೊಜ್ಬೆಕ್ ಕುದುರೆ ಓಡಿಸಿಕೊಂಡು ಬಂದ. ಅವರ ಕುರಿಕೊಟ್ಟಿಗೆಗೆ ಮಾಡಿನ ಕಿಂಡಿಯಿಂದ ಚಿರತೆ ಇಳಿದಿದೆಯಂತೆ. ಹೊರಬರಲಾಗದೆ ಒಳಗೇ ಇದೆ. ಹೊರಟೆ.

ಸಂಜೆ
ಬರೆದುಬಿಡಬೇಕು...
ಅಕ್ಕ ಬುರುಲ್ ಹುಲ್ಲಿನ ಕವೆಗೋಲು ಹಿಡಿದು ಮುಚ್ಚಿದ ಬಾಗಿಲಿಗೆ ಅಡ್ಡ ನಿಂತಿದ್ದಳು. ಭಾವ ಬಂದೂಕು ತಂದ. ಬಾಗಿಲ ಸಂದಿಯಿಂದ ಇಣುಕಿದೆ. ಒಳಗೆ ಅವರ ಮಗಳ ಮದುವೆಗೆಂದು ಸಾಕಿದ ಕುರಿಗಳೆಲ್ಲ ಸತ್ತು ಬಿದ್ದಿದ್ದವು. ಹಲಾಲ್ ಆಗದ ಮಾಂಸ, ತಿನ್ನಲೂ ಬಾರದು. ಮೂಲೆಯಲ್ಲಿ ಅದು — ಮುದುಡಿಕೊಂಡು, ಹೆದರಿ.
"ಬಾಗ್ಲು ಬಿಡು ಅಕ್ಕ. ಹೋಗ್ಲಿ."
"ಹೋಗ್ಲಾ? ಆ ಬೆಕ್ಕನ್ನ ಇಷ್ಟು ವರ್ಷ ಕಾದ್ಯಲ್ಲೋ, ನನ್ನ ಬಾಗ್ಲು ಒಂದಿನ ಕಾದಿದ್ಯಾ?"
"ಗುಂಡು ಹಾರಿದ್ರೆ ಭಾವನ್ನ ನಾನೇ ಹಿಡ್ಕೊಡ್ಬೇಕಾಗುತ್ತೆ."
"ಹಿಡ್ಕೊಡು. ಮದುವೆ ಊಟಕ್ಕೆ ನಿನ್ನ ಬೆಕ್ಕನ್ನೂ ಕರ್ಕೊಂಡ್ ಬಾ!"
ಭಾವ ಬಂದೂಕು ಇಳಿಸಿದ. ನಾನು ಅಗುಳಿ ತೆಗೆದೆ. ಬಹಳ ಹೊತ್ತು ಬರಲಿಲ್ಲ. ಆಮೇಲೆ ಬಂತು, ಹೊಟ್ಟೆ ನೆಲಕ್ಕೆ ತಾಗಿಸಿ, ಅಕ್ಕನ ಲಂಗ ಸವರುವಷ್ಟು ಹತ್ತಿರ. ಅವಳು ಕವೆಗೋಲು ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಚಿರತೆ ಬಂಡೆಗಳ ನಡುವೆ ಎಲ್ಲೋ ಹೋಯಿತು.
ಇಷ್ಟು ಹತ್ತಿರದಿಂದ ಕಂಡೆ. ಸಂತೋಷವಾಗಬೇಕಿತ್ತು.
"ಇನ್ಮೇಲೆ ನನ್ನ ಹೊಸ್ತಿಲು ತುಳೀಬೇಡ" ಎಂದಳು.

ಅಕ್ಟೋಬರ್ 13
ಆದರೂ ಹೋದೆ. ಭಾವ, ನಾನು ಗುಂಡಿ ತೋಡಿ ಕುರಿ ಹೂತೆವು. ಅಕ್ಕ ಚಹಾ ಕೊಡಲಿಲ್ಲ.

ನವೆಂಬರ್ 6
ಹಿಮ. ಮೊನ್ನೆ ಮದುವೆ ಆಯಿತಂತೆ. ನೆಂಟರು ಕುರಿ ಕೊಟ್ಟರಂತೆ. ನನ್ನನ್ನು ಕರೆಯಲಿಲ್ಲ. ಪಹರೆ ಮುಗಿಸಿ ಬಂದು, ರೊಟ್ಟಿ ಬಿಸಿಮಾಡಿಕೊಳ್ಳಲೂ ಮನಸ್ಸಾಗದೆ ಮಲಗಿದೆ.

ನವೆಂಬರ್ 21, ಮಧ್ಯಾಹ್ನ
ಬುರುಲ್ ಬಂದಿದ್ದಾಳೆ! ಒಬ್ಬಳೇ, ಕುದುರೆ ಮೇಲೆ. ಇಳಿಯಲೂ ಇಲ್ಲ, ಅಂಗಳದಿಂದಲೇ ಕೂಗು.
"ಏ ಸೋಮಾರಿ! ಮಾಡಿನ ಕಿಂಡಿಗೆ ತಂತಿಬಲೆ ಬಡೀಬೇಕು, ಬಾ. ಬೆಳಿಗ್ಗೆ ಮಾಡಿನ ಹಿಮದ ಮೇಲೆ ನಿನ್ನ ಬೆಕ್ಕಿನ ಹೆಜ್ಜೆ ಮೂಡಿತ್ತು."
"ಭಾವ ನೋಡಿದ್ನಾ?"
"ಅವ್ರು ಏಳೋಕೆ ಮುಂಚೆ ನಾನೇ ಗುಡಿಸಿಬಿಟ್ಟೆ. ನೋಡಿದ್ರೆ ಮತ್ತೆ ಬಂದೂಕು ತೆಗೀತಾರೆ." ಕುದುರೆ ತಿರುಗಿಸಿದಳು. "ಬೇಗ ಬಾರೋ, ಚಳಿ."
ಸುತ್ತಿಗೆ ಸಿಕ್ಕಿತು. ಮೊಳೆ ಎಲ್ಲಿ —